ಹಂಪಯ್ಯನ ಧ್ವನಿಯ ದಾಸ್ತಾನು

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ, ಎರಡು ಝೆರಾಕ್ಸ್ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಕೋಣೆ ಇದೆ. ಬಾಗಿಲ ಮೇಲೆ 'ಹಂಪಯ್ಯ ಪ್ರಚಾರ ಕೇಂದ್ರ' ಎಂದು ಬೋರ್ಡು. ಹೊರಗಿನ ಬಸ್ಸುಗಳ ಹಾರ್ನು ಒಳಗೆ ಬರದಿರಲಿ ಎಂದು ನಾಲ್ಕೂ ಗೋಡೆಗೆ ಹೊದೆಯುವ ಹಳೆಯ ಕೌದಿ ಹೊಡೆದಿದ್ದಾರೆ. ಹಾರ್ನು ಬಂದೇ ಬರುತ್ತದೆ, ಅದು ಬೇರೆ ಮಾತು. ಕೌದಿಗಳ ನಡುವೆ ಒಂದು ಮೈಕು, ಒಂದು ಕಂಪ್ಯೂಟರು, ಎರಡು ಕುರ್ಚಿ. ಒಂದು ಕುರ್ಚಿ ಹಂಪಯ್ಯನದು, ಇನ್ನೊಂದು ಅವನ ಅಕ್ಕನ ಮಗಳು ಭಾಗ್ಯಜ್ಯೋತಿಯದು.

ಹಂಪಯ್ಯನ ಮುಖ ನೋಡಿಲ್ಲ ಎನ್ನುವವರು ಆ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಧ್ವನಿ ಕೇಳಿಲ್ಲ ಎನ್ನುವವರು ಮಾತ್ರ ಸಿಗುವುದಿಲ್ಲ. ಸೀರೆ ಅಂಗಡಿಯಲ್ಲಿ ರಿಯಾಯಿತಿ ಎಂದರೂ ಅವನೇ, ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿರಿ ಎಂದರೂ ಅವನೇ, ನಾಳೆ ನಲ್ಲಿಗೆ ನೀರು ಬರುವುದಿಲ್ಲ ಎಂದು ಮುಂಚೆಯೇ ತಿಳಿಸಿ ಊರಿನಿಂದ ಬೈಸಿಕೊಳ್ಳುವುದೂ ಅವನೇ. ಯಾರಾದರೂ ತೀರಿಕೊಂಡರೆ ಸುತ್ತಲಿನವರಿಗೆ ಹೇಳುವುದೂ ಅವನೇ. ಅವನು ಕೋಣೆಯಲ್ಲಿ ಕುಳಿತು ಹೇಳುತ್ತಾನೆ, ಭಾಗ್ಯಜ್ಯೋತಿ ಅದನ್ನು ಕಂಪ್ಯೂಟರಿನಲ್ಲಿ ಹಿಡಿದು ಪೆನ್ ಡ್ರೈವಿಗೆ ಹಾಕಿ ಕೊಡುತ್ತಾಳೆ, ಹಾಲೇಶ ತನ್ನ ಆಟೋದ ನೆತ್ತಿಗೆ ಎರಡು ದೊಡ್ಡ ಸ್ಪೀಕರು ಕಟ್ಟಿಕೊಂಡು ಓಣಿ ಓಣಿ ಸುತ್ತುತ್ತಾನೆ.

ಭಾಗ್ಯಜ್ಯೋತಿಯ ಊರು ಮಾನ್ವಿ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ದಿನವಿಡೀ ಬಿಲ್ಲು ಹೊಡೆದು ಬೇಸತ್ತಿದ್ದವಳನ್ನು ಹಂಪಯ್ಯನೇ ಕರೆತಂದಿದ್ದ. ಆಮೇಲೆ ಅವಳಿಗೆ ಮದುವೆಯೂ ದೇವದುರ್ಗದಲ್ಲೇ ಆಯಿತು, ಒಂದು ಮಗುವೂ ಆಯಿತು. ಇಷ್ಟು ವರ್ಷ ಮೈಕಿನ ಮಗ್ಗುಲಲ್ಲೇ ಕುಳಿತರೂ ಅದರಲ್ಲಿ ಒಂದು ಮಾತು ಆಡಿದವಳಲ್ಲ. ಗುಂಡಿ ಒತ್ತುವುದು ತನ್ನ ಕೆಲಸ, ಬಾಯಿ ಬಿಡುವುದು ಮಾವನದು ಎಂದು ಅವಳು ಹಂಚಿಕೊಂಡುಬಿಟ್ಟಿದ್ದಳು.

ಸಾವಿನ ಸುದ್ದಿಗೆ ಹಂಪಯ್ಯ ಒಂದು ಕಟ್ಟಳೆ ಮಾಡಿದ್ದ. ಬೇರೆ ಯಾವ ಪ್ರಚಾರವನ್ನಾದರೂ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು, ಸಾವಿನದನ್ನು ಇಡಕೂಡದು. ಹೇಳಿದ್ದು ಪೆನ್ ಡ್ರೈವಿಗೆ ಹೋಯಿತೋ, ಕಂಪ್ಯೂಟರಿನಲ್ಲಿ ಅದನ್ನು ಉಳಿಸದೆ ಮುಚ್ಚಬೇಕು. ಸಂಜೆ ಆಟೋ ವಾಪಸು ಬಂದ ಮೇಲೆ ಪೆನ್ ಡ್ರೈವಿನಿಂದಲೂ ಅಳಿಸಬೇಕು. "ಹ್ವಾದವರ ಹೆಸರು ಹಿಡಕೊಂಡು ಕುಂದ್ರಬಾರದವ್ವಾ, ಹೋಗಾಕ ಬಿಡಬೇಕು" ಎನ್ನುತ್ತಿದ್ದ. ಹೀಗಾಗಿ ರೆಕಾರ್ಡಿಂಗ್ ಮಾಡುವ ಆ ಸಾಫ್ಟ್‌ವೇರನ್ನು ಮುಚ್ಚುವಾಗ 'ಸೇವ್ ಮಾಡಬೇಕೆ?' ಎಂದು ಅದು ಕೇಳುವುದು, ಭಾಗ್ಯಜ್ಯೋತಿಯ ಬೆರಳು 'ನೋ' ಎಂಬಲ್ಲಿಗೆ ಹೋಗುವುದು, ಎರಡೂ ಒಂದೇ ಕ್ಷಣದಲ್ಲಿ ನಡೆದುಹೋಗುತ್ತಿದ್ದವು. ದೇವದುರ್ಗದಲ್ಲಿ ಜನ ಸಾಯುವುದಕ್ಕೆ ಬಿಡುವು ಕೊಟ್ಟವರಲ್ಲ. ಆ ಬೆರಳಿಗೆ ಅಭ್ಯಾಸ ಚೆನ್ನಾಗಿಯೇ ಆಗಿತ್ತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹಂಪಯ್ಯನ ಗಂಟಲು ಕಟ್ಟಿತು. ಮೊದಲು ಎಲ್ಲರೂ ಶೀತ ಎಂದರು. ಅವನ ಹೆಂಡತಿ ಹುಲಗೆಮ್ಮ ಮೆಣಸಿನ ಕಷಾಯ ಕುಡಿಸಿ ಕುಡಿಸಿ ಸಾಕಾದಳು. ಕೊನೆಗೆ ರಾಯಚೂರಿನ ಡಾಕ್ಟರು ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಧ್ವನಿಯ ತಂತುಗಳ ಮೇಲೆ ಗಂಟು ಬೆಳೆದಿದೆ, ಸೋಮವಾರವೇ ಆಪರೇಷನ್ ಆಗಬೇಕು ಎಂದರು. ಜೀವಕ್ಕೆ ಭಯವಿಲ್ಲ. ಮಾತೂ ಬರುತ್ತದೆ, ಆದರೆ ಮೊದಲಿನ ಧ್ವನಿ ಬರುವುದಿಲ್ಲ. ಮನೆಯಲ್ಲಿ ಮೆಲ್ಲಗೆ ಮಾತಾಡಿಕೊಂಡು ಇರಬಹುದು, ಮೈಕಿನ ಕೆಲಸವನ್ನು ಮರೆಯಬೇಕು. ಆಪರೇಷನ್ ಆಗುವವರೆಗೆ ಗಂಟಲಿಗೆ ಪೂರ್ತಿ ವಿಶ್ರಾಂತಿ ಕೊಡಬೇಕು, ಜೋರಾಗಿ ಮಾತಾಡಿದರೆ ರಕ್ತ ಬರುತ್ತದೆ.

ಬಸ್ಸಿನಲ್ಲಿ ವಾಪಸು ಬರುವಾಗ ಹಂಪಯ್ಯ ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಗಬ್ಬೂರು ದಾಟುತ್ತಲೇ ಭಾಗ್ಯಜ್ಯೋತಿಯ ಕಡೆ ತಿರುಗಿದ.

"ಯವ್ವಾ, ನನ್ನ ಧ್ವನಿ ಪೆಟ್ಟಿಗ್ಯಾಗ ತುಂಬಿ ಇಡಾಕ ಬರತದೇನು?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಊರ ಹೆಸರು, ವಾರದ ಹೆಸರು, ಜನರ ಹೆಸರು, ಇಂದು, ನಾಳೆ, ಬರ್ರಿ, ತಪ್ಪದೇ ಬರ್ರಿ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಡುತ್ತಾನೆ. ಮುಂದೆ ಕೆಲಸ ಬಂದಾಗ ಅವಳು ಬೇಕಾದ ಮಾತು ಆರಿಸಿ ಜೋಡಿಸಬೇಕು. ಅವನು ಬಾಯಿ ಮುಚ್ಚಿಕೊಂಡು ಮನೆಯಲ್ಲಿದ್ದರೂ ಅವನ ಧ್ವನಿ ಓಣಿ ತಿರುಗುತ್ತದೆ. ಹಳೆಯ ಪ್ರಚಾರಗಳೆಲ್ಲ ಇದ್ದವು ನಿಜ, ಆದರೆ ಅವುಗಳ ಅಡಿಗೆ ಹಾಡು, ಡೋಲು ಸೇರಿಸಿದ್ದರಿಂದ ಒಂದು ಮಾತನ್ನೂ ಚೊಕ್ಕವಾಗಿ ಕತ್ತರಿಸಿ ತೆಗೆಯುವಂತಿರಲಿಲ್ಲ.

"ಡಾಕ್ಟರ್ ಮಾತಾಡಬ್ಯಾಡ ಅಂದಾರಲ್ಲ ಮಾವಾ."

"ಗುರುವಾರ ಒಂದಿನ ಮಾತಾಡ್ತೀನಿ. ಶುಕ್ರವಾರದಿಂದ ನೀವು ಬಡದ್ರೂ ಬಾಯಿ ಬಿಡಾಂಗಿಲ್ಲ."

ಗುರುವಾರ ಬೆಳಿಗ್ಗೆ ಅವನು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಕುಳಿತ. ಮೈಕಿಗೆ ಅಂಗಿಯೇನು ಕಾಣುತ್ತದೆ ಎಂದು ಹುಲಗೆಮ್ಮ ಚೇಷ್ಟೆ ಮಾಡಿದರೂ ತೆಗೆಯಲಿಲ್ಲ. ಜಾಲಹಳ್ಳಿ, ಅರಕೇರಾ, ಗಬ್ಬೂರು, ಮಾನ್ವಿ, ಒಂದೊಂದು ಊರನ್ನೂ ಮೂರು ಬಗೆಯಲ್ಲಿ ಹೇಳಿದ. ವ್ಯಾಪಾರಕ್ಕೆ ಒಂದು ಬಗೆ, ಅದರಲ್ಲಿ ಊರಿನ ಹೆಸರು ಕೇಳಿದರೇ ಚೀಲ ಹಿಡಿದು ಹೊರಡಬೇಕು ಅನ್ನಿಸುತ್ತದೆ. ಮದುವೆ ಮುಂಜಿಗೆ ಒಂದು ಬಗೆ. ಸಾವಿಗೆ ಒಂದು ಬಗೆ. ಸಾವಿನ ಮಾತನ್ನು ಇಟ್ಟುಕೊಳ್ಳಬಾರದು ಎಂದು ಅವನೇ ಕಟ್ಟಳೆ ಮಾಡಿದವನಲ್ಲವೆ ಎಂದು ಅವಳು ಕೇಳಿದಳು. ಅದಕ್ಕೂ ಅವನಲ್ಲಿ ಉತ್ತರವಿತ್ತು. ಹೆಸರು ಕೂಡಿದಾಗಲೇ ಅದು ಸಾವು, ಬಿಡಿಯಾಗಿ ಇರುವವರೆಗೆ ಬರೀ ಮಾತು.

ಜನರ ಹೆಸರುಗಳನ್ನು ಮಾತ್ರ ಒಂದೇ ಬಗೆಯಲ್ಲಿ ಹೇಳಿದ. "ಹೆಸರಿನ್ಯಾಗ ದುಃಖನೂ ಬೆರಸಬಾರದು, ಖುಷಿನೂ ಬೆರಸಬಾರದು. ಅದು ಅವರದು, ನಮ್ಮದಲ್ಲ" ಎಂದ. ತನಗೆ ಗೊತ್ತಿದ್ದ ಹೆಸರುಗಳೆಲ್ಲ ಅವನ ಬಾಯಿಂದ ಬಂದವು. ಇಷ್ಟು ಜನ ಈ ಸೀಮೆಯಲ್ಲಿದ್ದಾರೆಯೇ ಎಂದು ಭಾಗ್ಯಜ್ಯೋತಿಗೆ ಬೆರಗಾಯಿತು.

ನಡುವೆ ಒಂದೆರಡು ಸಲ ಸೇವ್ ಮಾಡಿಬಿಡೋಣ ಎಂದು ಅವಳು ಕೈ ಹಾಕಿದ್ದಳು. ಆ ಹಳೆಯ ಕಂಪ್ಯೂಟರು ಸೇವ್ ಮಾಡಲು ಕುಳಿತರೆ ಎದ್ದು ಬರುವುದು ಯಾವಾಗಲೋ. "ಈಗ ನಿಂದ್ರಸಬ್ಯಾಡ, ಗಂಟಲು ಕಾದದ. ಆರಿತು ಅಂದ್ರ ಮತ್ತ ಏಳಾಂಗಿಲ್ಲ" ಎಂದು ಹಂಪಯ್ಯ ಕೈ ಅಡ್ಡ ಹಿಡಿದ. ಹೀಗೆ ಬೆಳಗಿನಿಂದ ಹಿಡಿದದ್ದೆಲ್ಲ ಒಂದೇ ಉದ್ದಕ್ಕೆ ಬೆಳೆಯುತ್ತ ಹೋಯಿತು. ಮಧ್ಯಾಹ್ನ ಕಳೆದ ಮೇಲೆ ಅವನ ಧ್ವನಿ ಒಡೆಯತೊಡಗಿತು. ಕೊನೆಯ ಹೆಸರು ಹೇಳಿ, ಕೆಮ್ಮಿ, ವಸ್ತ್ರದಿಂದ ಬಾಯಿ ಒರೆಸಿಕೊಂಡ. ವಸ್ತ್ರದ ಮೇಲೆ ಕೆಂಪು ಕಲೆ ಅವಳಿಗೆ ಕಂಡಿತು. ಅವನು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು, ಬಿಸಿನೀರು ಕುಡಿಯಲು ಹೊರಗಿನ ಕಟ್ಟೆಗೆ ಹೋದ.

ಈಗ ಸೇವ್ ಮಾಡಬೇಕು. ಅವಳು ಮೌಸು ಅಲುಗಾಡಿಸಿದರೆ ಬಾಣ ಅರೆಗಳಿಗೆ ನಿಂತು ಆಮೇಲೆ ಹೊರಡುತ್ತಿತ್ತು. ಕಂಪ್ಯೂಟರಿನ ಫ್ಯಾನು ಏದುಸಿರು ಬಿಡುತ್ತಿತ್ತು. ಈ ಸ್ಥಿತಿಯಲ್ಲಿ ಸೇವ್ ಒತ್ತಿದರೆ ನಡುದಾರಿಯಲ್ಲೇ ನಿಂತುಬಿಟ್ಟೀತು ಎಂದು ಅವಳಿಗೆ ಹೆದರಿಕೆಯಾಯಿತು. ಆಗ ನೆನಪಾದದ್ದು ಕಸಬರಿಗೆ ಚಿತ್ರದ ಆ ಆ್ಯಪು. ಒಂದೇ ಒತ್ತಿಗೆ ಮೆಮೊರಿ ಖಾಲಿ, ಹಳೆ ಕಂಪ್ಯೂಟರು ಹೊಸ ಮದುಮಗ, ಎಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಹಲ್ಲು ಕಿರಿದು ಹೇಳಿದ್ದನ್ನು ನಂಬಿ ಅವಳೇ ಹಾಕಿಕೊಂಡಿದ್ದಳು. ಹಾಗೆ ನೋಡಿದರೆ ಒಂದೆರಡು ಸಲ ಅದು ಉಪಕಾರವನ್ನೂ ಮಾಡಿತ್ತು. ಮೊದಲು ಭಾರ ಇಳಿಸೋಣ, ಆಮೇಲೆ ನಿರಾಳವಾಗಿ ಸೇವ್ ಮಾಡೋಣ ಎಂದುಕೊಂಡು ಅದನ್ನು ತೆರೆದಳು.

ಕೆಂಪು ಚಕ್ರವೊಂದು ತಿರುಗಿತು. ಮೆಮೊರಿ ತುಂಬಿದೆ, ಇಷ್ಟೆಲ್ಲ ತೆರೆದಿದೆ, ಮುಚ್ಚಲೇ ಎಂದು ಕೇಳಿತು. ಮುಚ್ಚು ಎಂದಳು. ಕಸಬರಿಗೆ ಪರದೆಯ ಆ ತುದಿಯಿಂದ ಈ ತುದಿಗೆ ಗುಡಿಸುತ್ತ ಬಂತು. ಮುಚ್ಚಬೇಕಾದವುಗಳ ಸಾಲಿನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರೂ ಇತ್ತೆಂಬುದನ್ನು ಅವಳು ನೋಡಲಿಲ್ಲ. ಅದು ಪಾಪ, ತನ್ನ ಕಡೆಯಿಂದ ಸರಿಯಾಗಿಯೇ ನಡೆದುಕೊಂಡಿತು. ಮುಚ್ಚುವ ಮೊದಲು ಎಂದಿನಂತೆ ಚೌಕಟ್ಟು ಮುಂದಿಟ್ಟು ಕೇಳಿತು: ಸೇವ್ ಮಾಡಬೇಕೆ?

ಅವಳ ಬೆರಳು 'ನೋ' ಒತ್ತಿತು.

ಒತ್ತಿದ ಮೇಲೆಯೇ ಅವಳು ಅದನ್ನು ಓದಿದ್ದು. ಅಷ್ಟರಲ್ಲಿ ಚಕ್ರ ಹಸಿರಾಗಿ, ಅಭಿನಂದನೆ, ನಿಮ್ಮ ಕಂಪ್ಯೂಟರು ಈಗ ಹಗುರವಾಗಿದೆ ಎಂಬ ಮಾತು ಮೂಡಿತು. ಅವಳು ಸಾಫ್ಟ್‌ವೇರನ್ನು ಮತ್ತೆ ತೆರೆದಳು. ಖಾಲಿ. ಹುಡುಕಿದಳು, ಕಸದ ಬುಟ್ಟಿಯಲ್ಲಿ ನೋಡಿದಳು, ಮುಚ್ಚಿ ತೆರೆದಳು. ಎಲ್ಲ ಕಡೆಯೂ ಖಾಲಿ. ಕಂಪ್ಯೂಟರು ಮಾತ್ರ ಹೇಳಿದ್ದನ್ನೆಲ್ಲ ಥಟ್ಟನೆ ಮಾಡುತ್ತಿತ್ತು.

ಹಂಪಯ್ಯ ಒಳಗೆ ಬಂದ. ಮುಖದಲ್ಲಿ ಮಗಳ ಮದುವೆ ಮುಗಿಸಿದವನ ದಣಿವು, ಸಮಾಧಾನ.

"ಆತೇನವ್ವಾ? ಎಲ್ಲಾ ಪೆಟ್ಟಿಗ್ಯಾಗ ಕುಂತಾವಿಲ್ಲ?" ಎಂದ. ಧ್ವನಿ ಗಾಳಿಯ ಹಾಗೆ ಬರುತ್ತಿತ್ತು.

ಹೇಳಿಬಿಟ್ಟರೆ ಅವನು ಮತ್ತೆ ಮೈಕಿನ ಮುಂದೆ ಕೂರುತ್ತಾನೆ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕಿಸೆಯಲ್ಲಿ ಮಡಚಿಟ್ಟ ವಸ್ತ್ರ ಅವಳ ಕಣ್ಣ ಮುಂದೆ ಬಂತು.

"ಕುಂತಾವ ಮಾವಾ."

"ಒಂದೀಟು ಹಚ್ಚು, ಕೇಳೂಣು."

"ಈಗ ಬ್ಯಾಡ, ಮಷಿನ್ ಕಾದದ. ನಿಂದು ಗುರುವಾರ ಮುಗೀತು. ಇನ್ನ ಬಾಯಿ ಮುಚ್ಚು."

ಅವನು ನಕ್ಕು, ಬಾಯಿಗೆ ಬೀಗ ಹಾಕಿಕೊಂಡಂತೆ ಕೈ ಸನ್ನೆ ಮಾಡಿ, ಮನೆಗೆ ಹೋದ.

ಮರುದಿನ ಅವಳು ಕಂಪ್ಯೂಟರಿನ ಡಬ್ಬವನ್ನು ಸೀರೆಯಲ್ಲಿ ಸುತ್ತಿಕೊಂಡು, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ರಾಯಚೂರಿನ ಬಸ್ಸು ಹತ್ತಿದಳು. ಅಲ್ಲಿಯ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಅವಳ ಗೆಳತಿ ನಗ್ಮಾ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಡಿಪ್ಲೊಮಾ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ನಗ್ಮಾ ಮಧ್ಯಾಹ್ನದವರೆಗೆ ಕೆದಕಿದಳು. ಊಟಕ್ಕೂ ಏಳಲಿಲ್ಲ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇಲ್ಲಲೇ ಭಾಗ್ಯಾ. ಏನೂ ಸಿಗಾಕತ್ತಿಲ್ಲ."

"ಮೆಮೊರಿ ಖಾಲಿ ಮಾಡು ಅಂದೆ ನಾ. ಮಾವನ ಧ್ವನಿ ಖಾಲಿ ಮಾಡು ಅಂದಿಲ್ಲ."

"ಅರೇ, ಮೆಮೊರಿ ಅಂದ್ರ ಎರಡದಾವ. ಒಂದು ಕೆಲಸ ಮಾಡೋ ಮೇಜು, ಇನ್ನೊಂದು ಎತ್ತಿ ಇಡೋ ಅಲ್ಮಾರಿ. ನಿನ್ನ ಮಾವನ ಮಾತೆಲ್ಲ ಮೇಜಿನ ಮ್ಯಾಲ ಇದ್ದವು, ಅಲ್ಮಾರಿಗೆ ಹೋಗಿದ್ದಿಲ್ಲ. ನೀ ಮೇಜು ಝಾಡಿಸಿ ಒರಸಿದಿ. ಮೂಲಿಗೆ ಏನರ ಚೂರು ಬಿದ್ದಿತ್ತು ಅಂದ್ರ ಅದನ್ನೂ ಆ ಆ್ಯಪು ತಾತ್ಕಾಲಿಕ ಕಸ ಅಂತ ಗುಡಿಸ್ಯಾದ."

ಭಾಗ್ಯಜ್ಯೋತಿ ಅಲ್ಲೇ ಕೈ ಚೆಲ್ಲಿ ಕುಳಿತಳು. ನಗ್ಮಾ ಚಹಾ ತರಿಸಿದಳು, ರೊಕ್ಕ ತೆಗೆದುಕೊಳ್ಳಲಿಲ್ಲ, ಮಾವನಿಗೆ ಈಗಲೇ ಹೇಳಿಬಿಡು ಎಂದಳು. ಭಾಗ್ಯಜ್ಯೋತಿ ಬೇಡವೆಂದು ತಲೆಯಾಡಿಸಿದಳು. ಆಪರೇಷನ್ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಳು. ಆದರೆ ಆಮೇಲೆ ಹೇಳಿದರೆ ಏನು ಬಂತು? ಸೋಮವಾರ ಕಳೆದರೆ ಆ ಧ್ವನಿ ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ಈಗ ಹೇಳಿದರೆ ಅವನು ರಕ್ತ ಕಾರಿಕೊಂಡಾದರೂ ಮತ್ತೆ ಹೇಳಿಯಾನು. ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ತೂಗಾಟ. ದೇವದುರ್ಗದಲ್ಲಿ ಇಳಿಯುವಾಗ ಮಾತ್ರ ನಿರ್ಧಾರ ಗಟ್ಟಿಯಾಗಿತ್ತು. ಧ್ವನಿ ಹೋದರೆ ಹೋಗಲಿ, ಗಂಟಲು ಉಳಿಯಲಿ.

ಆಪರೇಷನ್ ಚೆನ್ನಾಗಿ ಆಯಿತು. ಹುಲಗೆಮ್ಮ ಆಸ್ಪತ್ರೆಯ ಮುಂದಿನ ಅಂಗಡಿಯಿಂದ ಮಕ್ಕಳು ಬರೆಯುವ ಪಾಟಿ, ಬಳಪ ತಂದುಕೊಟ್ಟಳು. ಎಚ್ಚರವಾದ ಮೇಲೆ ಹಂಪಯ್ಯ ಅದರ ಮೇಲೆ ಮೊದಲು ಬರೆದದ್ದು 'ಚಾ' ಎಂದು. ಇಲ್ಲ ಎಂದರು. ಅಳಿಸಿ, 'ಅರ್ಧ ಕಪ್' ಎಂದು ಬರೆದ. ನರ್ಸು ನಕ್ಕು ಸುಸ್ತಾದಳು. ಭಾಗ್ಯಜ್ಯೋತಿ ಎದುರಿಗೆ ನಿಂತಾಗ ಅವನು ಪಾಟಿ ಒರೆಸಿ, ನಿಧಾನಕ್ಕೆ ಬರೆದು ತೋರಿಸಿದ: 'ನಂಗೇನು ಚಿಂತಿ. ಪೆಟ್ಟಿಗ್ಯಾಗ ಕುಂತೀನಲ್ಲ.' ಅವಳು ನೀರು ತರುತ್ತೇನೆಂದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಿಂತು ಅತ್ತಳು.

ಊರಿಗೆ ಬಂದ ಮೇಲೆಯೂ ಹೇಳುವುದಕ್ಕೆ ಬಾಯಿ ಬರಲಿಲ್ಲ. ಗಾಯ ಹಸಿಯಿದೆ, ಇನ್ನೂ ಕೆಲವು ದಿನ ಒಂದಕ್ಷರ ಮಾತಾಡಕೂಡದು ಎಂದು ಡಾಕ್ಟರು ಹೇಳಿದ್ದರು. ಅದೇ ಅವಳಿಗೆ ನೆಪವಾಯಿತು. ಮಾನ್ವಿಯಿಂದ ಅಕ್ಕಿ ಅಂಗಡಿಯವರು ಬಂದರೆ ಕಂಪ್ಯೂಟರು ಕೆಟ್ಟಿದೆ ಎಂದಳು. ಬಟ್ಟೆ ಅಂಗಡಿಯವರು ಬಂದರೆ ಕರೆಂಟಿಲ್ಲ ಎಂದಳು, ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗಲೇ. ಸಂಜೆ ಮನೆಗೆ ಹೋದರೆ ಹಂಪಯ್ಯ 'ಕೆಲಸ ಬಂದಾವೇನು?' ಎಂದು ಪಾಟಿ ಎತ್ತಿ ಹಿಡಿಯುತ್ತಿದ್ದ. ಬಂದಾವ ಎನ್ನುತ್ತಿದ್ದಳು. ಒಂದು ಸುಳ್ಳಿಗೆ ಆಸರೆಯಾಗಿ ಇನ್ನೊಂದನ್ನು ನಿಲ್ಲಿಸುತ್ತ ಅವಳಿಗೂ ಸಾಕಾಗಿತ್ತು.

ಒಂದು ಬೆಳಿಗ್ಗೆ ಅವಳು ಬಾಗಿಲು ತೆಗೆಯುವ ಹೊತ್ತಿಗೆ ಸಂದಿಯಲ್ಲಿ ಒಬ್ಬ ನಡುವಯಸ್ಸಿನವನು ನಿಂತಿದ್ದ. ಜಾಲಹಳ್ಳಿಯ ಸುಂಕಪ್ಪ ಎಂದು ಹೇಳಿಕೊಂಡ. ತಾಯಿ ಮಾನಮ್ಮ ನಸುಕಿನಲ್ಲಿ ತೀರಿಕೊಂಡಿದ್ದಳು. ಸಂಜೆಯೇ ಮಣ್ಣು.

"ಹಂಪಯ್ಯನವರ ಬಾಯಿಂದ ಹೇಳಸ್ರಿ ಯವ್ವಾ. ನಮ್ಮ ಮಂದಿ ದೇವದುರ್ಗದಾಗ ಅದಾರ, ಅರಕೇರಾದಾಗ ಅದಾರ. ಫೋನ್ ಎಲ್ಲಾರಿಗೂ ಹತ್ತವಲ್ದು."

ಕರೆಂಟಿಲ್ಲ ಎಂಬ ಮಾತು ಅವಳ ನಾಲಿಗೆಯವರೆಗೆ ಬಂತು. ಸುಂಕಪ್ಪನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅವಸರಕ್ಕೆ ಬಿಟ್ಟು ಬಂದಿದ್ದಾನೆ, ಬಿಟ್ಟದ್ದು ಅವನಿಗೇ ಗೊತ್ತಿಲ್ಲ. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

"ಮಾವನ ಧ್ವನಿ ಇಲ್ರಿ," ಎಂದಳು. ನಿಜವನ್ನು ಮೊದಲ ಸಲ ಹೊರಗೆ ಹೇಳಿದ್ದು ಒಬ್ಬ ಪರಿಚಯವಿಲ್ಲದವನಿಗೆ. "ಗಂಟಲು ಆಪರೇಷನ್ ಆಗ್ಯಾದ. ಹಿಡಿದಿಟ್ಟದ್ದೂ ನನ್ನ ಕೈಯಿಂದ ಹಾಳಾತು."

ಸುಂಕಪ್ಪ ಒಳಗಿನ ಮೈಕಿನ ಕಡೆ ನೋಡಿದ. "ಹಂಗಾರ ನೀವ ಹೇಳ್ರಿ," ಎಂದ. "ನಮ್ಮವ್ವನೂ ಹೆಣಮಗಳ ಅಲ್ಲೇನ್ರಿ."

ಅವಳು ಮಾವನ ಕುರ್ಚಿಯಲ್ಲಿ ಕೂರಲಿಲ್ಲ. ತನ್ನ ಕುರ್ಚಿಯನ್ನೇ ಮೈಕಿನ ಮುಂದೆ ಎಳೆದುಕೊಂಡಳು. ಮೊದಲ ಸಲ ಹೇಳಿದಾಗ ಧ್ವನಿ ನಡುಗಿತು. ಎರಡನೆಯ ಸಲ ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗಾಯಿತು. ಆಮೇಲೆ ಕಣ್ಣು ಮುಚ್ಚಿ, ಬಾಗಿಲಲ್ಲಿ ನಿಂತವನ ಬರಿಗಾಲನ್ನು ನೆನೆದುಕೊಂಡು ಹೇಳಿದಳು. ಜಾಲಹಳ್ಳಿಯ ಅಗಸಿ ಓಣಿಯ ಮಾನಮ್ಮನವರು ಇಂದು ಬೆಳಗಿನ ಜಾವ ದೈವಾಧೀನರಾಗಿದ್ದಾರೆ. ಅಂತ್ಯಕ್ರಿಯೆ ಇಂದು ಸಂಜೆ ಅವರ ಹೊಲದಲ್ಲಿ ನೆರವೇರಲಿದೆ. ಬಂಧು ಬಾಂಧವರು ಬರಬೇಕು.

ಹಾಲೇಶ ಪೆನ್ ಡ್ರೈವು ಹಾಕಿ ಒಮ್ಮೆ ಕೇಳಿ, ಅವಳ ಮುಖ ನೋಡಿದ.

"ಅಕ್ಕಾ, ಇದು ನಿಂದ ಧ್ವನಿ! ಮಾಮಾಗ ಗೊತ್ತದೇನು?"

"ಇಲ್ಲ. ನೀ ಮಾವನ ಓಣಿ ಬಿಟ್ಟು ಉಳದ ಊರೆಲ್ಲಾ ತಿರುಗು."

ಸುಂಕಪ್ಪ ಯಾವ ಓಣಿ ಎಂದು ಕೇಳಿದ. ಹಾಲೇಶ ಹೇಳಿದ. "ನಮ್ಮವ್ವನ ತಮ್ಮನ ಮನಿ ಅದ ಓಣ್ಯಾಗ ಅದರೀ," ಎಂದ ಸುಂಕಪ್ಪ. "ಮುದುಕ, ಫೋನ್ ಎತ್ತವಲ್ಲ. ಅವ ಬರಲಿ ಅಂತನ ಮುಖ್ಯ ನಾ ಬಂದದ್ದು."

ಹಾಲೇಶ ಅವಳ ಕಡೆ ನೋಡಿದ. ಅವಳು ಮೈಕಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆ ಮುದುಕ ತನ್ನ ಅಕ್ಕನಿಗೆ ಕೊನೆಯ ಮಣ್ಣು ಹಾಕಲು ಬರದೆ ಉಳಿದರೆ ಅದು ಯಾವ ಸೇವ್‌ನಿಂದಲೂ ವಾಪಸು ಬರುವುದಿಲ್ಲ. ಅದರ ಮುಂದೆ ತನ್ನ ಸುಳ್ಳು ದೊಡ್ಡದಲ್ಲ.

"ಮೊದಲ ಆ ಓಣಿಗೇ ಹೋಗು," ಎಂದಳು.

ಆಟೋ ಹೋದ ಮೇಲೆ ಅವಳು ಕೋಣೆಯಲ್ಲಿ ಕುಳಿತು ಕಾದಳು. ದೂರದಲ್ಲಿ ತನ್ನದೇ ಧ್ವನಿ ಓಣಿಯಿಂದ ಓಣಿಗೆ ಹೊರಳುವುದು ಕೇಳುತ್ತಿತ್ತು. ಅದು ಹಂಪಯ್ಯನ ಮನೆಯ ದಿಕ್ಕಿಗೆ ಹೋದಾಗ ಅವಳಿಗೆ ಉಸಿರಾಡುವುದೂ ಬೇಡವಾಯಿತು.

ಸ್ವಲ್ಪ ಹೊತ್ತಿಗೆ ಹಂಪಯ್ಯ ಬಂದ. ಕೊರಳಿಗೆ ಶಾಲು, ಕಂಕುಳಲ್ಲಿ ಪಾಟಿ. ಹಿಂದೆ ಹುಲಗೆಮ್ಮ ಓಡೋಡಿ ಬಂದಳು. ಅವನು ಕಂಪ್ಯೂಟರಿನ ಮುಂದೆ ನಿಂತು, ಅದನ್ನು ಬೆರಳಿನಿಂದ ತಟ್ಟಿ, ಪಾಟಿಯ ಮೇಲೆ ಒಂದೇ ಮಾತು ಬರೆದ: 'ಎಲ್ಲಿ?'

ಅವಳು ಎಲ್ಲವನ್ನೂ ಹೇಳಿದಳು. ಕಸಬರಿಗೆಯ ಆ್ಯಪು, ತನ್ನ ಬೆರಳು, ನಗ್ಮಾಳ ಅಂಗಡಿ, ಕಿಸೆಯ ವಸ್ತ್ರ. ಏನನ್ನೂ ಮುಚ್ಚಿಡಲಿಲ್ಲ. ಹಂಪಯ್ಯ ಕೇಳುತ್ತ ಕೇಳುತ್ತ ತನ್ನ ಕುರ್ಚಿಯಲ್ಲಿ ಕುಳಿತ. ಕೌದಿಯ ಗೋಡೆಗೆ ಮುಖ ಮಾಡಿದ. ಅವನ ಭುಜ ಅಲುಗುವುದು ಕಂಡಿತು. ಗಂಟಲಿನ ಗಾಯಕ್ಕೆ ಹೆದರಿ ಅಳುವನ್ನೂ ಹಿಡಿದು ಹಿಡಿದು ಅಳುತ್ತಿದ್ದ. ಹುಲಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಭಾಗ್ಯಜ್ಯೋತಿಗೆ ಅವನು ಎದ್ದು ಹೊಡೆದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಬಹಳ ಹೊತ್ತಿನ ಮೇಲೆ ಅವನು ಈ ಕಡೆ ತಿರುಗಿ, ಮುಖ ಒರೆಸಿಕೊಂಡು, ಬಳಪ ಎತ್ತಿಕೊಂಡ.

'ಹೆಸರಿನ ಮುಂದ ಉಸಿರು ತಗೊಂಡಿ.'

ಅವಳು ಓದಿ, ಅರ್ಥವಾಗದೆ ನೋಡಿದಳು. ಅವನು ಅಂಗೈಯಿಂದ ಒರೆಸಿ ಮತ್ತೆ ಬರೆದ: 'ಓಣಿ ಹೆಸರು ಹೇಳಿ ನಿಂತಿ. ಆ ಓಣ್ಯಾಗ ತಮ್ಮ ಮಂದಿ ಇದ್ದವರೆಲ್ಲಾ ನಮ್ಮವರೇನು ಅಂತ ಎದಿ ಹಿಡಕೊಂತಾರ. ನಿಂದ್ರಬಾರದು.'

"ತಪ್ಪಾತು ಮಾವಾ. ನಂಗ ಬರಾಂಗಿಲ್ಲ ಇದು. ಬ್ಯಾರೆ ಯಾರಿಗ್ಯಾದ್ರೂ ಹೇಳೂಣು."

ಹಂಪಯ್ಯ ಬೇಡವೆಂದು ತಲೆಯಾಡಿಸಿದ. ಹುಲಗೆಮ್ಮನಿಗೆ ತಡೆಯಲಾಗಲಿಲ್ಲ. "ಕಟ್ಟಿ ಮ್ಯಾಲ ಕುಂತು ಗಂಜಿ ಕುಡ್ಯಾಕತ್ತಿದ್ದ ಭಾಗ್ಯಾ, ಆಟೋ ಬಂತು ನೋಡು..." ಎಂದು ಶುರುಮಾಡಿದಳು. ಅವನು ಬಳಪದಿಂದ ಪಾಟಿಯನ್ನು ಟಕಟಕ ಕುಟ್ಟಿ ಅವಳ ಬಾಯಿ ನಿಲ್ಲಿಸಿದ. ಇದನ್ನು ತಾನೇ ಹೇಳಬೇಕಿತ್ತು.

ಆ ಸೀಮೆಯಲ್ಲಿ ಸಾವಿನ ಆಟೋ ಬಂದರೆ ಕುಳಿತವರು ಎದ್ದು ನಿಲ್ಲುತ್ತಾರೆ. ಉಣ್ಣುವವರು ಕೈ ತಡೆಯುತ್ತಾರೆ, ಇಸ್ಪೀಟು ಆಡುವವರೂ ಎಲೆ ಮಗುಚಿ ಏಳುತ್ತಾರೆ. ಆಟೋ ಓಣಿ ದಾಟಿದ ಮೇಲೆ ಕೂರುತ್ತಾರೆ. ಇಷ್ಟು ವರ್ಷ ಜನರನ್ನು ಹಾಗೆ ಎಬ್ಬಿಸಿದವನು ಹಂಪಯ್ಯ. ತಾನು ಮಾತ್ರ ಯಾವಾಗಲೂ ಈ ಕೋಣೆಯಲ್ಲಿರುತ್ತಿದ್ದ, ತನ್ನ ಧ್ವನಿಗೆ ತಾನು ಎದ್ದು ನಿಲ್ಲುವ ಪ್ರಸಂಗ ಬಂದಿರಲಿಲ್ಲ.

ಅವನು ಬರೆದು, ಪಾಟಿಯನ್ನು ಅವಳ ಕಡೆ ತಿರುಗಿಸಿದ.

'ಮೊದಲ ಎದ್ದು ನಿಂತೆ. ಆಮ್ಯಾಲ ಗೊತ್ತಾತು, ನೀ ಅಂತ.'

ಭಾಗ್ಯಜ್ಯೋತಿ ಅದನ್ನು ಎರಡು ಸಲ ಓದಿದಳು. ಅಷ್ಟರಲ್ಲಿ ಹಾಲೇಶ ಬಂದು ಬಾಗಿಲಲ್ಲಿ ಇಣುಕಿದ. ಮುದುಕ ಸಿಕ್ಕ, ಜಾಲಹಳ್ಳಿಯ ಬಸ್ಸು ಹತ್ತಿಸಿ ಬಂದೆ, ಇನ್ನು ಅರಕೇರಾಕ್ಕೆ ಹೊರಡುತ್ತೇನೆ ಎಂದ. ಹಂಪಯ್ಯ ಕೈ ನೀಡಿ ಪೆನ್ ಡ್ರೈವು ಇಸಿದುಕೊಂಡು ಅವಳ ಮುಂದಿಟ್ಟ. ಮೈಕಿನ ಕಡೆ ಬೆರಳು ತೋರಿಸಿದ.

ಅವಳು ಗುಂಡಿ ಒತ್ತಿ, ಮೈಕಿನ ಹತ್ತಿರ ಸರಿದಳು. ಹೊರಗೆ ರಾಯಚೂರಿನ ಬಸ್ಸು ಹಾರ್ನು ಹೊಡೆಯಿತು. ಅದು ಮುಗಿಯುವವರೆಗೆ ಕಾದಳು.

"ಜಾಲಹಳ್ಳಿಯ ಅಗಸಿ ಓಣಿಯ ಮಾನಮ್ಮನವರು," ಎಂದು ಎಲ್ಲೂ ನಿಲ್ಲದೆ ಹೇಳಿದಳು.

ಹಂಪಯ್ಯ ಕುರ್ಚಿಯಿಂದ ಎದ್ದು ನಿಂತ.